ಪ್ಯಾರಿಸ್ಸಿನ ರಾತ್ರಿ ಆಟದಲ್ಲಿ ಹೆಂಗಸರು ಯಾಕಿಲ್ಲ?

ಮೇ ಕೊನೆಗೆ ಬಳ್ಳಾರಿಯಲ್ಲಿ ರಾತ್ರಿ 11.45ಕ್ಕೂ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿರುತ್ತದೆ. ನಿದ್ದೆ ದೂರ. ಪ್ಯಾರಿಸ್‌ನಲ್ಲಿ ಆಗ 8.15, ಫ್ರೆಂಚ್ ಓಪನ್ ಟೆನಿಸ್ಸಿನ ರಾತ್ರಿ ಪಂದ್ಯ ಶುರುವಾಗುವ ಹೊತ್ತು. ಅಂಕಣದ ಕೆಂಪು ಮಣ್ಣಿಗೆ ಆಟಗಾರರ ಸಾಕ್ಸೆಲ್ಲ ಕೆಂಪು, ಸಂಡೂರು ಕಡೆಯಿಂದ ಬೈಕಿನಲ್ಲಿ ಬಂದವರ ಬಟ್ಟೆಯ ಹಾಗೆ. 2024, 2025ರಲ್ಲಿ ಹೀಗೆ ನಿದ್ದೆಗೆಟ್ಟು ಕೂತವರಿಗೆ ಮಹಿಳೆಯರ ಪಂದ್ಯ ಒಂದೂ ಸಿಗಲಿಲ್ಲ. ಟೂರ್ನಿ ನಡೆಸುವವರೇ ಮಹಿಳೆ ಅಲ್ವಾ ಅಂತ ಕೇಳಬಹುದು. ಹೌದು, ಅಮೆಲಿ ಮೊರೆಸ್ಮೊ.

ಹಳೇ ಕಥೆ ಬೇಗ ಹೇಳಿಬಿಡುತ್ತೇನೆ. 1968ರ ವಿಂಬಲ್ಡನ್ ಗೆದ್ದ ರಾಡ್ ಲೇವರ್‌ಗೆ 2,000 ಪೌಂಡ್, ಮಹಿಳೆಯರಲ್ಲಿ ಗೆದ್ದ ಬಿಲ್ಲಿ ಜೀನ್ ಕಿಂಗ್‌ಗೆ 750. 1973ರಲ್ಲಿ ಕಿಂಗ್ ಮುಂದೆ ನಿಂತು ಆಟಗಾರ್ತಿಯರ ಸಂಘ ಕಟ್ಟಿದರು, ಅದೇ ವರ್ಷ ಯುಎಸ್ ಓಪನ್ ಸಮಾನ ಬಹುಮಾನ ಕೊಟ್ಟಿತು. ವಿಂಬಲ್ಡನ್, ಫ್ರೆಂಚ್ ಓಪನ್ ಪೂರ್ತಿ ಆ ದಾರಿಗೆ ಬರಲು 2007 ಆಯಿತು. ಯಾರನ್ನು ಎಷ್ಟು ಹೊತ್ತಿಗೆ ಆಡಿಸಬೇಕು ಅನ್ನುವುದು ಮಾತ್ರ ಹಾಗೇ ಉಳಿಯಿತು.

1983ರಲ್ಲಿ ಯಾನಿಕ್ ನೋಹ ಫ್ರೆಂಚ್ ಓಪನ್ ಗೆದ್ದದ್ದನ್ನು ಟಿವಿಯಲ್ಲಿ ನೋಡಿ ಟೆನಿಸ್‌ಗೆ ಬಿದ್ದ ಹುಡುಗಿ ಮೊರೆಸ್ಮೊ. 2004ರಲ್ಲಿ ನಂಬರ್ ಒನ್, 2006ರಲ್ಲಿ ಆಸ್ಟ್ರೇಲಿಯನ್ ಓಪನ್, ವಿಂಬಲ್ಡನ್ ಎರಡೂ. ಪ್ಯಾರಿಸ್‌ನಲ್ಲಿ ಮಾತ್ರ ಕ್ವಾರ್ಟರ್ ಫೈನಲ್ ದಾಟಲೇ ಇಲ್ಲ. 2014ರಲ್ಲಿ ಆ್ಯಂಡಿ ಮರ್ರೆಗೆ ಕೋಚ್ ಆದರು. 2021ರ ಡಿಸೆಂಬರ್‌ನಲ್ಲಿ ಫ್ರೆಂಚ್ ಓಪನ್ ನಿರ್ದೇಶಕಿ, ಆ ಕುರ್ಚಿಗೆ ಬಂದ ಮೊದಲ ಮಹಿಳೆ.

ರಾತ್ರಿ ಪಂದ್ಯ ಅವರು ಬರುವ ಮೊದಲೇ, ಅದೇ ವರ್ಷ ಶುರುವಾಗಿತ್ತು. ಅದಕ್ಕೆ ಬೇರೆ ಟಿಕೆಟ್, ಒಂದೇ ಪಂದ್ಯ. ಗಂಡಸರು ಗೆಲ್ಲಬೇಕಾದರೆ ಕನಿಷ್ಠ ಮೂರು ಸೆಟ್ ಆಡಲೇಬೇಕು, ಹೆಂಗಸರದು ಎರಡೇ ಸೆಟ್ಟಿಗೆ, ಒಂದು ತಾಸಿನಲ್ಲೇ ಮುಗಿಯಬಹುದು. ಟಿಕೆಟ್ ಕೊಂಡವರು, ಪ್ರಸಾರದ ಹಕ್ಕು ಕೊಂಡವರು ಸುಮ್ನೆ ಇರ್ತಾರಾ? ನಮ್ಮ ಕಡೆ ಹೊನಲು ಬೆಳಕಿನ ಕಬಡ್ಡಿ ನೋಡಿದವರಿಗೆ ಈ ಲೆಕ್ಕ ಹೊಸದಲ್ಲ. ಸಿರುಗುಪ್ಪ ಕಡೆಯ ಒಂದು ಹಳ್ಳಿಯಲ್ಲಿ ಹುಡುಗಿಯರ ಆಟವನ್ನು ನಾಲ್ಕು ಗಂಟೆ ಬಿಸಿಲಿಗೇ ಮುಗಿಸಿದ್ದರು. ಯಾಕೆ ಅಂತ ಕೇಳಿದ್ದಕ್ಕೆ ಆಡಿಸುವವರು, 'ರಾತ್ರಿ ಮಂದಿ ಬರೋದು ಹುಡುಗ್ರ ಆಟಕ್ಕ್ರಿ' ಅಂದರು. ಲೈಟು ಹಾಕುವ ಹೊತ್ತಿಗೆ ಹುಡುಗಿಯರ ಟೆಂಪೊ ಊರು ಬಿಟ್ಟಿತ್ತು.

2022ರಲ್ಲಿ ಹತ್ತು ರಾತ್ರಿಗೆ ಮಹಿಳೆಯರದು ಒಂದೇ ಪಂದ್ಯ. ಕೇಳಿದ್ದಕ್ಕೆ, ಸದ್ಯಕ್ಕೆ ಗಂಡಸರ ಆಟಕ್ಕೇ ಆಕರ್ಷಣೆ ಜಾಸ್ತಿ ಅನ್ನುವ ಅರ್ಥದ ಮಾತು ಮೊರೆಸ್ಮೊ ಬಾಯಿಂದ ಬಂತು. ಸೋಲೇ ಇಲ್ಲದೆ ಗೆಲ್ಲುತ್ತಾ ಹೋಗುತ್ತಿದ್ದ ನಂಬರ್ ಒನ್ ಇಗಾ ಶ್ವಾಂಟೆಕ್ ಬೇಸರ ಹೇಳಿಕೊಂಡರು. ತಮ್ಮ ಮಾತಿಗೆ ಬೇರೆ ಅರ್ಥ ಬಂದಿದೆ ಎಂದ ಮೊರೆಸ್ಮೊ ಕ್ಷಮೆಯನ್ನೂ ಕೇಳಿದರು. 2023ರಲ್ಲಿ ಮತ್ತೆ ಒಂದು, ಆಮೇಲಿನ ಎರಡು ವರ್ಷ ಸೊನ್ನೆ. 2025ರಲ್ಲಿ ಟ್ಯುನೀಷಿಯಾದ ಆಟಗಾರ್ತಿ ಆನ್ಸ್ ಜಬೇರ್ ಬಹಿರಂಗವಾಗಿಯೇ ಪ್ರಶ್ನೆ ಮಾಡಿದರು: ಗಂಡಸರನ್ನೇ ಜಾಸ್ತಿ ತೋರಿಸಿದರೆ ಜನ ಅವರನ್ನೇ ಜಾಸ್ತಿ ನೋಡುತ್ತಾರೆ. ಹೆಂಗಸರಿಗೆ ಅರ್ಹತೆ ಇಲ್ಲ ಅಂತಲ್ಲ, ಪಂದ್ಯ ಎಷ್ಟು ಹೊತ್ತು ನಡೆಯುತ್ತದೆ ಅನ್ನುವುದೇ ಪ್ರಶ್ನೆ ಅಂತ ಮೊರೆಸ್ಮೊ ಉತ್ತರ. ಹಾಗಾದರೆ ಎರಡು ಪಂದ್ಯ ಆಡಿಸಿ ಅಂದರೆ, ಬೇಗ ಶುರು ಮಾಡಬೇಕಾಗುತ್ತದೆ, ಆಗ ಗ್ಯಾಲರಿ ಖಾಲಿ ಇರುತ್ತದೆ ಅಂದರು.

ದೊಡ್ಡ ಅಂಕಣದಲ್ಲಿ ಮಧ್ಯಾಹ್ನ 12ಕ್ಕೆ, ಪ್ಯಾರಿಸ್ಸಿನವರು ಊಟಕ್ಕೆ ಹೋದಾಗ, ಅರ್ಧ ಖಾಲಿ ಗ್ಯಾಲರಿ ಮುಂದೆ ಹೆಚ್ಚಾಗಿ ಆಡುವವರು ಇದೇ ಹೆಂಗಸರು. ನಮ್ಮಲ್ಲಿ ಆಗ 3.30. ನಾನು ಅಂಗಡಿಯಲ್ಲಿರುತ್ತೇನೆ, ಫೋನಿನಲ್ಲಿ ಸ್ಕೋರ್ ಮಾತ್ರ.