ರಾತ್ರಿ ಒಂಬತ್ತೂವರೆಯ ಗೆರೆ: ಕೆನಡಾ ಒಪ್ಪಿಯೂ ಒಳಗೆ ಬಿಡದಿದ್ದ ವಲಸಿಗರು

2020ರ ಮಾರ್ಚ್ 18. ಒಟ್ಟಾವದಲ್ಲಿ ಮಧ್ಯಾಹ್ನ ಹನ್ನೆರಡು ಗಂಟೆ, ಬೆಂಗಳೂರಿನಲ್ಲಿ ರಾತ್ರಿ ಒಂಬತ್ತೂವರೆ. ಕೋವಿಡ್ ತಡೆಯಲು ಕೆನಡಾ ಬಹುಪಾಲು ವಿದೇಶಿಯರಿಗೆ ಗಡಿ ಮುಚ್ಚಿದ್ದು ಆ ಹೊತ್ತಿಗೆ. ಕಾಯಂ ನಿವಾಸದ ಅರ್ಜಿ ಮಂಜೂರಾಗಿ ಇನ್ನೂ ವಿಮಾನ ಹತ್ತದವರ ಗತಿಯೇನು ಎಂಬ ಪ್ರಶ್ನೆ ಕೂಡಲೇ ಎದ್ದಿತು. ಆ ತಿಂಗಳ ಕೊನೆಯ ವಾರ ಅವರಿಗೆ ವಿನಾಯಿತಿಯೂ ಸಿಕ್ಕಿತು, ಆದರೆ ಒಂದು ಷರತ್ತಿನೊಂದಿಗೆ. ಅರ್ಜಿ ಮಂಜೂರಾಗಿದೆ ಎಂಬ ಲಿಖಿತ ಸೂಚನೆ ಮಾರ್ಚ್ 18ರ ಆ ಮಧ್ಯಾಹ್ನದೊಳಗೆ ಕೈಸೇರಿರಬೇಕಿತ್ತು. ನಮ್ಮ ಗಡಿಯಾರದಲ್ಲಿ ರಾತ್ರಿ ಒಂಬತ್ತಕ್ಕೆ ಇಮೇಲ್ ಬಂದವರಿಗೆ ದಾರಿ ಇತ್ತು, ಹತ್ತಕ್ಕೆ ಬಂದವರಿಗೆ ಇರಲಿಲ್ಲ. ಇಬ್ಬರೂ ಒಂದೇ ಬಗೆಯ ಪರೀಕ್ಷೆಗಳನ್ನು ಬರೆದು, ಒಂದೇ ಶುಲ್ಕ ಕಟ್ಟಿ, ಪೊಲೀಸ್ ಪ್ರಮಾಣಪತ್ರ ಒಪ್ಪಿಸಿ, ವೈದ್ಯಕೀಯ ತಪಾಸಣೆ ಮುಗಿಸಿದವರೇ. ಇಡೀ ಪ್ರಕರಣದ ಬೇರು ಈ ಒಂದು ಗೆರೆಯಲ್ಲಿದೆ ಎಂಬುದು ನನ್ನ ನಂಬಿಕೆ.

ಈ ಅರ್ಜಿದಾರರು ‘ಸಿಒಪಿಆರ್’ ಎಂದು ಕರೆಯುವ ಕಾಗದವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಅದು ಕಾಯಂ ನಿವಾಸದ ದೃಢೀಕರಣ ಪತ್ರ. ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ಸಂಖ್ಯೆ, ಭಾವಚಿತ್ರ, ಸಹಿಗೆ ಬಿಟ್ಟ ಖಾಲಿ ಜಾಗ. ಮನೆಯಲ್ಲಿ ಕುಳಿತು ಸಹಿ ಹಾಕುವಂತಿಲ್ಲ, ಅಧಿಕಾರಿಯ ಎದುರಿನಲ್ಲೇ ಹಾಕಬೇಕು. ಆ ಸಹಿ ಬೀಳುವವರೆಗೆ ಮನುಷ್ಯ ಕಾಯಂ ನಿವಾಸಿಯಲ್ಲ. ಅದೇ ಹಾಳೆಯಲ್ಲಿ ಮುಕ್ತಾಯದ ದಿನಾಂಕವೊಂದು ಅಚ್ಚಾಗಿರುತ್ತದೆ. ವೈದ್ಯಕೀಯ ತಪಾಸಣೆಗೆ 12 ತಿಂಗಳ ಆಯುಷ್ಯ. ಸಾಮಾನ್ಯವಾಗಿ ಅದು ಅಥವಾ ಪಾಸ್‌ಪೋರ್ಟ್, ಯಾವುದರ ಅವಧಿ ಮೊದಲು ಮುಗಿಯುತ್ತದೋ ಅಂದಿಗೆ ಈ ಕಾಗದದ ಅವಧಿಯೂ ಮುಗಿಯುತ್ತದೆ. ಗಡಿ ಮುಚ್ಚಿದ್ದರೂ ಆ ದಿನಾಂಕ ಮಾತ್ರ ಹತ್ತಿರವಾಗುತ್ತಲೇ ಇತ್ತು.

ಮಂಜೂರಾತಿ ಬಂದ ಮನೆಯಲ್ಲಿ ಏನೇನು ನಡೆಯುತ್ತದೆ ಎಂಬುದು ಬೆಂಗಳೂರಿನ ಐಟಿ ಬಡಾವಣೆಗಳಲ್ಲಿ ವಾಸಿಸುವವರಿಗೆ ಗೊತ್ತು. ಕೆಲಸಕ್ಕೆ ರಾಜೀನಾಮೆ ಕೊಟ್ಟು ನೋಟಿಸ್ ಅವಧಿ ಮುಗಿಸುತ್ತಾರೆ. ಬಾಡಿಗೆ ಮನೆಯ ಅಡ್ವಾನ್ಸ್ ವಾಪಸ್ ಪಡೆಯುತ್ತಾರೆ, ಮಕ್ಕಳ ಟಿಸಿ ತೆಗೆಸುತ್ತಾರೆ. ಫ್ರಿಜ್ಜು, ಮಂಚ, ಸ್ಕೂಟರ್ ಒಂದೊಂದಾಗಿ ಮಾರಾಟವಾಗಿ ಕೊನೆಗೆ ನೆಲದ ಮೇಲೆ ಹಾಸಿಗೆ, ಗೋಡೆಗೊರಗಿಸಿದ ಸೂಟ್‌ಕೇಸ್ ಮಾತ್ರ ಉಳಿಯುತ್ತವೆ. ಇಷ್ಟೆಲ್ಲ ಆದಮೇಲೆ ‘ಸದ್ಯಕ್ಕೆ ಬರಬೇಡಿ’ ಎಂಬ ಮಾತು ಬಂದರೆ ಆ ಸಂಸಾರ ನಿಲ್ಲುವುದೆಲ್ಲಿ?

ವಿನಾಯಿತಿ ಪಡೆದವರಿಗೂ ಹಾದಿ ಸುಗಮವಾಗಿರಲಿಲ್ಲ. ಭಾರತ ಅದೇ ಮಾರ್ಚ್ 22ರ ಹೊತ್ತಿಗೆ ಅಂತರರಾಷ್ಟ್ರೀಯ ಪ್ರಯಾಣಿಕ ವಿಮಾನಗಳನ್ನು ನಿಲ್ಲಿಸಿತು. ಸೀಮಿತ ವಿಮಾನ ಸಂಚಾರಕ್ಕೆ ಎರಡೂ ದೇಶಗಳ ನಡುವೆ ‘ಏರ್ ಬಬಲ್’ ಒಪ್ಪಂದ ಆದದ್ದು ಆಗಸ್ಟ್‌ನಲ್ಲಿ. ಗಡಿಯಲ್ಲಿ ಇನ್ನೊಂದು ಪ್ರಶ್ನೆಯೂ ಕಾದಿತ್ತು: ನಿಮ್ಮ ಪ್ರಯಾಣ ಅನಿವಾರ್ಯವೇ? ಮೊದಲೆಲ್ಲ ನಮ್ಮವರಲ್ಲಿ ಅನೇಕರು ಎರಡು ವಾರ ರಜೆ ಹಾಕಿ ಹೋಗಿ, ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡು ಮರಳಿ, ಆಮೇಲೆ ನಿಧಾನವಾಗಿ ನೆಲೆಸಲು ಹೋಗುತ್ತಿದ್ದರು. ‘ಸಾಫ್ಟ್ ಲ್ಯಾಂಡಿಂಗ್’ ಎಂದು ಅದಕ್ಕೆ ಹೆಸರು. ಈಗ ಅದಕ್ಕೆ ಎಡೆ ಇರಲಿಲ್ಲ, ನೆಲೆಸಲೆಂದೇ ಬರುತ್ತಿರುವುದನ್ನು ತೋರಿಸಬೇಕಿತ್ತು. 14 ದಿನಗಳ ಕ್ವಾರಂಟೈನ್ ಬೇರೆ.

ಗೆರೆಯ ಆಚೆ ಉಳಿದವರ ನೋವು ಹೆಚ್ಚಿದ್ದು ಉಳಿದ ಬಾಗಿಲುಗಳು ಒಂದೊಂದಾಗಿ ತೆರೆದಾಗ. 2020ರ ಜೂನ್ 8ರಿಂದ ಕೆನಡಾದ ಪ್ರಜೆಗಳ ಮತ್ತು ಕಾಯಂ ನಿವಾಸಿಗಳ ಗಂಡ, ಹೆಂಡತಿ, ಅವಲಂಬಿತ ಮಕ್ಕಳು, ತಂದೆತಾಯಿಗೆ ಅವಕಾಶವಾಯಿತು. ಅಗಲಿದ ಕುಟುಂಬಗಳು ಒಂದಾಗಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಅಕ್ಟೋಬರ್ 8ರಿಂದ ಒಡಹುಟ್ಟಿದವರು, ಅಜ್ಜ ಅಜ್ಜಿ, ಮೊಮ್ಮಕ್ಕಳು, ಕನಿಷ್ಠ ಒಂದು ವರ್ಷದಿಂದ ಪ್ರೀತಿಸುತ್ತಿರುವ ಸಂಗಾತಿ ಕೂಡ ಪೂರ್ವಾನುಮತಿ ಪಡೆದು ಬರಬಹುದಾಯಿತು. ಅದೇ ತಿಂಗಳು ವಿದ್ಯಾರ್ಥಿಗಳಿಗೂ ದಾರಿ ಬಿಟ್ಟರು. ಆದರೆ ಮಾರ್ಚ್ 18ರ ನಂತರ ಮಂಜೂರಾತಿ ಪಡೆದ, ಕೆನಡಾದಲ್ಲಿ ಹತ್ತಿರದ ಬಂಧುಗಳಿಲ್ಲದ ಕುಟುಂಬ ಇದ್ದಲ್ಲೇ ಉಳಿಯಿತು. ಗಂಡ, ಹೆಂಡತಿ, ಮಕ್ಕಳು ಒಟ್ಟಿಗೇ ಹೊರಡುವವರಾದ್ದರಿಂದ ಅವರನ್ನು ‘ಅಗಲಿದವರು’ ಎಂದು ಯಾರೂ ಎಣಿಸಲಿಲ್ಲ. ಸ್ವಂತ ಅರ್ಹತೆಯ ಮೇಲೆ ಆಯ್ಕೆಯಾದವರಿಗೆ ಕುಟುಂಬದ ಹೆಸರಿನ ವಿನಾಯಿತಿ ಎಟುಕಲೇ ಇಲ್ಲ. ಇದನ್ನು ಅನ್ಯಾಯವೆಂದು ಹೇಳಲು ನನಗೆ ಹಿಂಜರಿಕೆಯಿಲ್ಲ.

ಕಾಯುವಾಗ ಬದುಕು ನಿಲ್ಲುವುದಿಲ್ಲವಲ್ಲ. ಕೆಲವರಿಗೆ ಮದುವೆಯಾಯಿತು, ಕೆಲವರ ಮನೆಯಲ್ಲಿ ತೊಟ್ಟಿಲು ತೂಗಿತು. ಕೆನಡಾಕ್ಕೆ ಕಾಲಿಡುವ ಮೊದಲೇ ಇಂಥ ಬದಲಾವಣೆಯನ್ನು ತಿಳಿಸಬೇಕೆಂಬುದು ಅಲ್ಲಿನ ಕಾನೂನು. ಹೊಸ ಸದಸ್ಯರ ತಪಾಸಣೆ ಆಗಬೇಕು. ಮುಚ್ಚಿಟ್ಟು ಹೋದರೆ ಮುಂದೆ ಆ ಹೆಂಡತಿಯನ್ನೋ ಮಗುವನ್ನೋ ಪ್ರಾಯೋಜಿಸಿ ಕರೆಸಿಕೊಳ್ಳುವ ಹಕ್ಕಿಗೇ ಕುತ್ತು ಬರಬಹುದು. ಹೀಗೆ ಕೂಸಿನ ಜನನವೇ ಮುಗಿದ ಕಡತವನ್ನು ಮತ್ತೆ ತೆರೆಯಿಸುವಂತಾಯಿತು.

2020ರಲ್ಲಿ 3,41,000 ಹೊಸ ಕಾಯಂ ನಿವಾಸಿಗಳನ್ನು ಬರಮಾಡಿಕೊಳ್ಳುವ ಗುರಿ ಇದ್ದ ಕೆನಡಾಕ್ಕೆ ಸಿಕ್ಕವರು ಸುಮಾರು 1,84,000. ಕೊರತೆ ತುಂಬಲು ಸರ್ಕಾರ ದೇಶದೊಳಗೇ ಇದ್ದ ತಾತ್ಕಾಲಿಕ ನಿವಾಸಿಗಳತ್ತ ತಿರುಗಿತು. 2021ರ ಫೆಬ್ರುವರಿ 13ರಂದು, ನುರಿತ ಕೆಲಸಗಾರರನ್ನು ಅಂಕಗಳ ಮೇಲೆ ಆರಿಸುವ ‘ಎಕ್ಸ್‌ಪ್ರೆಸ್ ಎಂಟ್ರಿ’ ವ್ಯವಸ್ಥೆಯ ಒಂದೇ ಸುತ್ತಿನಲ್ಲಿ 27,332 ಜನರಿಗೆ ಕಾಯಂ ನಿವಾಸಕ್ಕೆ ಅರ್ಜಿ ಹಾಕುವಂತೆ ಆಹ್ವಾನ ಹೋಯಿತು. ಕೆನಡಾದಲ್ಲೇ ದುಡಿದ ಅನುಭವವಿದ್ದವರಿಗೆ ಮೀಸಲಾಗಿದ್ದ ಆ ಸುತ್ತಿನಲ್ಲಿ ಕನಿಷ್ಠ ಅಂಕ ಬರೀ 75. ನಾನೂರೈವತ್ತು ದಾಟಿದ ಅಂಕ ಪಡೆದು, ಮಂಜೂರಾತಿಯನ್ನೂ ಹಿಡಿದು ಹೊರಗೆ ಕಾಯುತ್ತಿದ್ದವರು ಈ ಸುದ್ದಿ ಓದಿದಾಗ ಹೇಗೆನಿಸಿರಬೇಕು!

ಕೊನೆಗೂ 2021ರ ಜೂನ್ 21ರಂದು ಗೆರೆ ಅಳಿಸಿತು. ಚಾಲ್ತಿಯಲ್ಲಿರುವ ಸಿಒಪಿಆರ್ ಉಳ್ಳವರೆಲ್ಲ ಬರಬಹುದೆಂದು ಕೆನಡಾ ಹೇಳಿತು. ಅವಧಿ ಮುಗಿದವರು ಮಾತ್ರ ವಲಸೆ ಇಲಾಖೆಯೇ ಸಂಪರ್ಕಿಸುವವರೆಗೆ ಕಾಯಬೇಕಾಯಿತು.

ಭಾರತದವರಿಗೆ ಅಷ್ಟರಲ್ಲಿ ಬೇರೆ ಕಂಟಕ ಎದುರಾಗಿತ್ತು. ಎರಡನೇ ಅಲೆಯ ಭೀತಿಯಲ್ಲಿ ಕೆನಡಾ ಏಪ್ರಿಲ್ 22ರ ರಾತ್ರಿಯಿಂದ ಭಾರತದ ನೇರ ವಿಮಾನಗಳನ್ನು ನಿಷೇಧಿಸಿತ್ತು. ಮೂವತ್ತು ದಿನಗಳ ಆ ನಿಷೇಧ ಸೆಪ್ಟೆಂಬರ್ 26ರವರೆಗೂ ಲಂಬಿಸುತ್ತ ಹೋಯಿತು. ಬೇರೆ ದೇಶ ಸುತ್ತಿ ಬರುವವರು ಭಾರತದಲ್ಲಿ ಮಾಡಿಸಿದ ಕೋವಿಡ್ ಪರೀಕ್ಷೆಗೆ ಮಾನ್ಯತೆ ಇರಲಿಲ್ಲ, ಮಾರ್ಗಮಧ್ಯದ ಮೂರನೇ ದೇಶದಲ್ಲಿ ಮಾಡಿಸಬೇಕಿತ್ತು. ಜನ ಮೆಕ್ಸಿಕೊ, ಸರ್ಬಿಯಾ, ಮಾಲ್ಡೀವ್ಸ್ ಹಾದಿ ಹಿಡಿದರು. ಹಸುಗೂಸು ಕಟ್ಟಿಕೊಂಡು, ಕಂಡರಿಯದ ಊರಿನ ಹೋಟೆಲಿನಲ್ಲಿ ವರದಿಗಾಗಿ ಕಾಯುವುದು ಸಣ್ಣ ಮಾತಲ್ಲ. ದುಡ್ಡು ನೀರಿನಂತೆ ಹರಿಯಿತು.

ಇಲ್ಲಿ ಹಳೆಯ ಚರಿತ್ರೆಯೊಂದು ನೆನಪಾಗದೆ ಇರದು. 1908ರಲ್ಲಿ ಇದೇ ಕೆನಡಾ ‘ನಿರಂತರ ಪ್ರಯಾಣ’ದ ನಿಯಮ ತಂದಿತ್ತು. ತಾಯ್ನಾಡಿನಿಂದ ಎಲ್ಲೂ ಮುರಿಯದ ಒಂದೇ ಪ್ರಯಾಣದಲ್ಲಿ ಬಂದವರಿಗೆ ಮಾತ್ರ ಪ್ರವೇಶ. ಭಾರತದಿಂದ ಅಂಥ ನೇರ ಹಡಗೇ ಇರಲಿಲ್ಲ, ನಿಯಮದ ಉದ್ದೇಶವೂ ಅದೇ. 1914ರ ಮೇ 23ರಂದು 376 ಪ್ರಯಾಣಿಕರೊಂದಿಗೆ ವ್ಯಾಂಕೂವರ್ ತಲುಪಿದ ಕೊಮಾಗಾಟ ಮಾರು ಹಡಗು ಎರಡು ತಿಂಗಳು ಬಂದರಿನಲ್ಲೇ ನಿಂತು ಮರಳಬೇಕಾಯಿತು. ಇಳಿಯಲು ಬಿಟ್ಟದ್ದು 24 ಜನರನ್ನು. ಅವರಲ್ಲಿ ಹೆಚ್ಚಿನವರು ಮೊದಲೇ ಅಲ್ಲಿ ನೆಲೆಸಿ ಹಿಂದಿರುಗುತ್ತಿದ್ದವರು, ಜೊತೆಗೆ ಹಡಗಿನ ವೈದ್ಯ ಮತ್ತು ಆತನ ಕುಟುಂಬ. ಅಲ್ಲಿದ್ದ ಭಾರತೀಯರ ಹೆಂಡತಿ ಮಕ್ಕಳಿಗೆ ಕಾನೂನು ದಾರಿ ಬಿಟ್ಟದ್ದು 1919ರಲ್ಲಿ. 2021ರ ನಿಯಮದ ಹಿಂದೆ ಜನಾಂಗದ್ವೇಷವಿತ್ತೆಂದು ನಾನು ಹೇಳುತ್ತಿಲ್ಲ. ಸಾಂಕ್ರಾಮಿಕದ ಭಯ ನಿಜವಾಗಿತ್ತು. ಆದರೆ ಅಂದು ಎಲ್ಲೂ ನಿಲ್ಲದೆ ಬರಬೇಕೆಂದ ದೇಶ, ಇಂದು ಎಲ್ಲಾದರೂ ನಿಂತೇ ಬರಬೇಕೆಂದಿತು.

ಸೆಪ್ಟೆಂಬರ್ 27ರಂದು ನೇರ ವಿಮಾನಗಳು ಮತ್ತೆ ಆರಂಭವಾದವು. ಆಗಲೂ ದೆಹಲಿ ವಿಮಾನ ನಿಲ್ದಾಣದ ಒಂದೇ ಒಂದು ಪ್ರಯೋಗಾಲಯದಲ್ಲಿ, ಹೊರಡುವ 18 ಗಂಟೆಗಳೊಳಗೆ ಪರೀಕ್ಷೆ ಮಾಡಿಸಬೇಕಿತ್ತು. ಕನ್ನಡಿಗರು ಮೊದಲು ದೆಹಲಿ ಸೇರಿಕೊಂಡರು. ಟೊರಾಂಟೊದಲ್ಲೋ ವ್ಯಾಂಕೂವರ್‌ನಲ್ಲೋ ಇಳಿದು, ಅಧಿಕಾರಿಯ ಎದುರು ಆ ಖಾಲಿ ಜಾಗದಲ್ಲಿ ಸಹಿ ಹಾಕಿದರು. ಕಾಯಂ ನಿವಾಸ ಉಳಿಸಿಕೊಳ್ಳಲು ಐದು ವರ್ಷಗಳಲ್ಲಿ 730 ದಿನ, ಪೌರತ್ವ ಕೇಳಲು 1,095 ದಿನ ಕೆನಡಾದಲ್ಲಿ ಇದ್ದಿರಬೇಕು. ಆ ಎಣಿಕೆಗೆ ಅವರ ಮೊದಲ ದಿನ ಅದೇ.