ಕೆಂಡದ ಪಕ್ಕ ನಾಲ್ಕು ಗಂಟೆ: ಫಿಲಿಪೈನ್ಸ್‌ನ ಲೆಚೋನ್

ಮಚ್ಚಿನ ಬೆನ್ನಿನಿಂದ ತಟ್ಟಿದಾಗ ಬಂದ ಸದ್ದು ಈಗಲೂ ನೆನಪಿದೆ. ಸಂತೆಯಲ್ಲಿ ಹೊಸ ಮಡಕೆಯನ್ನು ಬೆರಳಿನಿಂದ ತಟ್ಟಿ ನೋಡುತ್ತಾರಲ್ಲ, ಹಾಗೆ. ಟಣ್ ಟಣ್.

ಸೆಬು ನಗರದ ಒಂದು ರೆಸ್ಟೋರೆಂಟು, ಡಿಸೆಂಬರ್ ಸಂಜೆ. ಬಾಗಿಲ ಮೇಲೆ ನಕ್ಷತ್ರದ ಆಕಾರದ ಪರೋಲ್ ದೀಪಗಳು ತೂಗುತ್ತಿದ್ದವು. ಕೆಲಸದ ಮೇಲೆ ಹೋಗಿದ್ದ ನನ್ನನ್ನು ಅಲ್ಲಿನ ಸಹೋದ್ಯೋಗಿಯೊಬ್ಬರು ತಮ್ಮ ಮನೆಯವರ ಹಬ್ಬದೂಟಕ್ಕೆ ಕರೆದಿದ್ದರು. ಅಜ್ಜಿ, ಚಿಕ್ಕಪ್ಪಂದಿರು, ಸೊಸೆಯಂದಿರು, ಮೊಮ್ಮಕ್ಕಳು ಎಲ್ಲ ಸೇರಿ ಹದಿನೆಂಟು ಜನ. ಉದ್ದನೆಯ ಮೇಜಿನ ನಡುವೆ ಬಾಳೆಲೆ. ಅದರ ಮೇಲೆ ಇಡಿಯಾಗಿ ಸುಟ್ಟ ಹಂದಿ, ಅಂದರೆ ಲೆಚೋನ್. ಮೂತಿಯಿಂದ ಬಾಲದವರೆಗೆ ಒಂದೇ ಬಣ್ಣ, ಪಾಲಿಶ್ ಮಾಡಿದ ತೇಗದ ಹಾಗೆ. ಅಜ್ಜಿ ಬೆನ್ನಿನ ಚರ್ಮದಿಂದ ಅಂಗೈಯಗಲದ ತುಂಡು ಮುರಿದು ನನ್ನ ತಟ್ಟೆಗೆ ಹಾಕಿದರು. "ಮೊದಲು ಇದನ್ನ ತಿನ್ನಪ್ಪ, ಮಾತು ಆಮೇಲೆ" ಅಂದರಂತೆ. ಸಹೋದ್ಯೋಗಿ ನಗುತ್ತಾ ಅರ್ಥ ಹೇಳಿದರು.

ಹಲ್ಲಿಗೆ ಸಿಕ್ಕಿದ್ದು ಗಾಜಿನಂಥ ತೆಳು ಪದರ. ಅದರಡಿ ಬಾಯಿಗಿಟ್ಟರೆ ಕರಗುವ ನೆಣ. ಅದರಡಿ ಮಜ್ಜಿಗೆ ಹುಲ್ಲಿನ ಘಮ ಹಿಡಿದ ಮೆತ್ತನೆ ಮಾಂಸ. ಎರಡು ಬೆರಳು ದಪ್ಪದೊಳಗೆ ಇಷ್ಟೊಂದು ಹದ ಹೇಗೆ ಬಂತು? ಅಡುಗೆಯ ಲೆಕ್ಕದಲ್ಲಿ ಇವು ಒಂದಕ್ಕೊಂದು ಆಗಿಬರದ ಕೆಲಸಗಳು. ಚರ್ಮ ಗರಿಗರಿ ಆಗಬೇಕಾದರೆ ಅದರ ನೀರು ಹೋಗಬೇಕು. ಮಾಂಸ ಮೆತ್ತಗೆ ಇರಬೇಕಾದರೆ ನೀರು ಹೋಗಬಾರದು. ಬೆಂಕಿ ಒಂದೇ, ಪ್ರಾಣಿ ಒಂದೇ, ಹೊತ್ತೂ ಒಂದೇ. ಲೆಚೋನ್ ಸುಡುವವರ ಜಾಣ್ಮೆಯೆಲ್ಲ ಈ ಜಗಳ ಬಿಡಿಸುವುದರಲ್ಲಿದೆ.

ಹೆಸರು ಸ್ಪ್ಯಾನಿಶ್. ಲೆಚೆ ಅಂದರೆ ಹಾಲು, ಲೆಚೋನ್ ಅಂದರೆ ಇನ್ನೂ ಹಾಲು ಕುಡಿಯುವ ಹಂದಿಮರಿ. ಆದರೆ ಹಂದಿ ಈ ದ್ವೀಪಗಳಿಗೆ ಸ್ಪೇನಿನವರ ಹಡಗಿನಲ್ಲಿ ಬಂದದ್ದಲ್ಲ. ಸುಮಾರು 4000 ವರ್ಷಗಳ ಹಿಂದೆ ದೋಣಿಗಳಲ್ಲಿ ಬಂದ ಆಸ್ಟ್ರೊನೇಷ್ಯನ್ ಬೇಸಾಯಗಾರರ ಕಾಲದಿಂದಲೂ ಅಲ್ಲಿ ಸಾಕು ಹಂದಿಗಳಿವೆ. 1521ರ ಏಪ್ರಿಲ್‌ನಲ್ಲಿ ಸ್ಪೇನಿನ ಪರವಾಗಿ ಹೊರಟಿದ್ದ ನಾವಿಕ ಮೆಗೆಲ್ಲನ್‌ನ ಹಡಗುಗಳು ಸೆಬುವಿಗೆ ಬಂದವು. ಜೊತೆಗಿದ್ದ ಅಂತೋನಿಯೋ ಪಿಗಾಫೆಟ್ಟಾ ಅಲ್ಲಿನ ಹಂದಿ ಬಲಿಯನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಇಬ್ಬರು ಮುದುಕಿಯರು ಸೂರ್ಯನಿಗೆ ಕೈಮುಗಿದು, ಹಂದಿಯ ಸುತ್ತ ಕುಣಿದು, ಈಟಿಯಿಂದ ತಿವಿಯುತ್ತಿದ್ದರಂತೆ. ಸೆಬುವಿನ ಮಂದಿ ಈಗಲೂ ಲೆಚೋನ್‌ಗೆ ತಮ್ಮದೇ ಮಾತಿನಲ್ಲಿ ಇನಾಸಲ್ ಅನ್ನುವುದುಂಟು. ಹಬ್ಬಕ್ಕೂ ಹಂದಿಗೂ ಇರುವ ನಂಟು ಅಷ್ಟು ಹಳೆಯದು.

ಕುರಿ, ಮೇಕೆಯಾದರೆ ಸಾಮಾನ್ಯವಾಗಿ ಚರ್ಮ ಸುಲಿದೇ ಸುಡುತ್ತಾರೆ. ಹಂದಿಯಲ್ಲಿ ಚರ್ಮಕ್ಕೇ ಮೊದಲ ಬೇಡಿಕೆ. ಇದರ ಹಿಂದೆ ಒಂದು ಸ್ವಾರಸ್ಯದ ಕತೆ ಇದೆ. ಬಹಳಷ್ಟು ಸಸ್ತನಿಗಳ ಮರಿಗಳಲ್ಲಿ ಕಂದು ಬಣ್ಣದ ಕೊಬ್ಬು ಇರುತ್ತದೆ. ಚಳಿಯಾದಾಗ ಅದು ಒಳಗೇ ಉರಿದು ಮೈ ಬೆಚ್ಚಗಿಡುತ್ತದೆ. ಅದಕ್ಕೆ ಬೇಕಾದ ಯುಸಿಪಿ1 ಎಂಬ ಜೀನ್ ಹಂದಿಗಳ ವಂಶದಲ್ಲಿ ಸುಮಾರು 2 ಕೋಟಿ ವರ್ಷಗಳ ಹಿಂದೆಯೇ ಕೆಟ್ಟುಹೋಗಿದೆ. 2006ರಲ್ಲಿ ವಿಜ್ಞಾನಿಗಳು ಇದನ್ನು ಪತ್ತೆ ಮಾಡಿದರು. ಅದಕ್ಕೇ ಹುಟ್ಟಿದ ಹಂದಿಮರಿ ಚಳಿಗೆ ಗಡಗಡ ನಡುಗುತ್ತದೆ. ತಾಯಿಹಂದಿ ಹೆರುವ ಮೊದಲು ಸೊಪ್ಪುಸದೆ ತಂದು ಗೂಡು ಕಟ್ಟುತ್ತದೆ. ಬೆಳೆದ ಮೇಲೆ ಚರ್ಮದಡಿಯ ನೆಣವೇ ಅದಕ್ಕೆ ಕಂಬಳಿ. ಆ ಕಂಬಳಿಯೇ ಕೆಂಡದ ಮುಂದೆ ಕರಗಿ, ಮೇಲಿನ ಚರ್ಮವನ್ನು ಒಳಗಿನಿಂದ ಹುರಿಯುವ ಎಣ್ಣೆಯಾಗುತ್ತದೆ.

ಸುಡುವುದನ್ನು ನೋಡಬೇಕು ಅಂತ ಮುಂದಿನ ವಾರ ತಾಲಿಸಾಯ್‌ಗೆ ಹೋದೆ. ಸೆಬು ನಗರಕ್ಕೆ ಅಂಟಿಕೊಂಡಂತಿರುವ ಊರು, ಲೆಚೋನ್‌ಗೆ ಹೆಸರಾದದ್ದು. ತಗಡಿನ ಚಾವಣಿ, ಕೆಳಗೆ ಉದ್ದುದ್ದ ಒಲೆಗಳು. ಬೆಳಗಿನ ಜಾವಕ್ಕೇ ಕೆಲಸ ಶುರುವಾಗಿತ್ತು. ಮೊದಲು ಕೂದಲು ತೆಗೆಯಬೇಕು. ಅದಕ್ಕೆ ಕುದಿಯುವ ನೀರು ಬೇಡ. 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿನೀರು ಸಾಕು. ಆ ಬಿಸಿಗೆ ಕೂದಲ ಬುಡ ಸಡಿಲವಾಗಿ, ಕೆರೆದರೆ ಬಂದುಬಿಡುತ್ತದೆ. ಬಿಸಿ ಜಾಸ್ತಿಯಾದರೆ ಚರ್ಮ ಬಿಗಿದುಕೊಂಡು ಕೂದಲು ಅಲ್ಲೇ ಕಚ್ಚಿಕೊಳ್ಳುತ್ತದೆ. ಥರ್ಮಾಮೀಟರ್ ಯಾರ ಕೈಯಲ್ಲೂ ಇರಲಿಲ್ಲ. ನೀರಿಗೆ ಬೆರಳು ಅದ್ದಿ ತೆಗೆದು ಹದ ಹೇಳುತ್ತಿದ್ದರು.

ಆಮೇಲೆ ಹೊಟ್ಟೆ ತುಂಬುವುದು. ಮಜ್ಜಿಗೆ ಹುಲ್ಲಿನ ದಪ್ಪ ಕಟ್ಟುಗಳು, ಈರುಳ್ಳಿ ಸೊಪ್ಪು, ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸು, ಉಪ್ಪು. ತುಂಬಿ, ನಮ್ಮ ದಬ್ಬಳದಂಥ ಸೂಜಿಯಿಂದ ಹೊಲಿದುಬಿಟ್ಟರು. ಮಜ್ಜಿಗೆ ಹುಲ್ಲಿನ ಎಣ್ಣೆಯಲ್ಲಿ ಮುಕ್ಕಾಲು ಪಾಲಿನಷ್ಟು ಇರುವುದು ಸಿಟ್ರಾಲ್ ಎಂಬ ವಸ್ತು. ನಿಂಬೆಯ ಪರಿಮಳ ಬರುವುದು ಅದರಿಂದ. ಅದು ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ, ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ಹೊಲಿದ ಹೊಟ್ಟೆ ಒಂದು ಮುಚ್ಚಿದ ಪಾತ್ರೆ ಇದ್ದಂತೆ. ಸೊಪ್ಪಿನ ನೀರು ಆವಿಯಾಗಿ ಮಾಂಸವನ್ನು ಒಳಗಿನಿಂದ ಹಬೆಯಲ್ಲಿ ಬೇಯಿಸುತ್ತದೆ, ಸಿಟ್ರಾಲ್ ನೆಣಕ್ಕೆ ಇಳಿಯುತ್ತದೆ. ಉಪ್ಪು, ಮಸಾಲೆ ಮೂರ್ನಾಲ್ಕು ಗಂಟೆಯಲ್ಲಿ ಮಾಂಸದೊಳಗೆ ತುಂಬ ದೂರ ಹೋಗಲಾರವು. ಹಾಗಾಗಿ ಹೊಟ್ಟೆ, ಪಕ್ಕೆಲುಬಿನ ಭಾಗವೇ ರುಚಿ. ಗೊತ್ತಿದ್ದವರು ಮೊದಲು ಕೈ ಹಾಕುವುದು ಅಲ್ಲಿಗೇ.

ಈಗ ಬೆಂಕಿ. ನಾನು ಅಂದುಕೊಂಡಂತೆ ಕೆಂಡ ಹಂದಿಯ ಕೆಳಗೆ ಇರಲಿಲ್ಲ. ಎರಡು ಬದಿಗೆ ಸಾಲಾಗಿ ಹರಡಿದ್ದರು. ನಡುವೆ ಬಿದಿರಿನ ಗಳಕ್ಕೆ ಪೋಣಿಸಿದ ಹಂದಿ. ನೆಣ ಕೆಂಡದ ಮೇಲೆ ತೊಟ್ಟಿಕ್ಕಿದರೆ ಭಗ್ಗನೆ ಉರಿ ಎದ್ದು ಚರ್ಮ ಕಪ್ಪಾಗುತ್ತದೆ, ಮಸಿ ವಾಸನೆ ಹಿಡಿಯುತ್ತದೆ. ಕೆಂಡ ಪಕ್ಕದಲ್ಲಿದ್ದರೆ ನೆಣ ಬರಿ ನೆಲಕ್ಕೆ ಬೀಳುತ್ತದೆ. ಹಾಗಾದರೆ ಬೇಯುವುದು ಹೇಗೆ? ಕೆಂಡ ಹೊರಸೂಸುವ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣಗಳಿಂದ. ಚಳಿಗಾಲದಲ್ಲಿ ಬೆಂಕಿ ಕಾಯಿಸುವಾಗ ಮುಖ ಸುಡುತ್ತಿದ್ದರೂ ಬೆನ್ನು ತಣ್ಣಗಿರುತ್ತದೆ ಅಲ್ವಾ? ಅದೇ ಇದು. ಈ ಕಿರಣಗಳ ತಾಕತ್ತು ಬಿಸಿಯ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ ಎಂದು 1879ರಲ್ಲಿ ಭೌತವಿಜ್ಞಾನಿ ಯೋಸೆಫ್ ಸ್ಟೆಫಾನ್ ತೋರಿಸಿದ. ಅಂದರೆ ಕೆಲ್ವಿನ್ ಲೆಕ್ಕದಲ್ಲಿ (ಮೈನಸ್ 273 ಡಿಗ್ರಿ ಸೆಲ್ಸಿಯಸ್ಸನ್ನೇ ಸೊನ್ನೆ ಅಂತ ಎಣಿಸುವ ಲೆಕ್ಕ) ಬಿಸಿ ಎರಡು ಪಟ್ಟಾದರೆ ಕಿರಣಗಳ ಶಕ್ತಿ 16 ಪಟ್ಟು. ಕೆಂಡಕ್ಕೆ ಸ್ವಲ್ಪ ಗಾಳಿ ಬೀಸಿದರೂ ಚರ್ಮಕ್ಕೆ ಅಷ್ಟು ಬೇಗ ಗೊತ್ತಾಗುವುದು ಇದಕ್ಕೇ.

ಗಳ ಹಿಡಿದಿದ್ದವರಿಗೆ ಐವತ್ತರ ಮೇಲಾಗಿತ್ತು. ಒಂದು ಕ್ಷಣವೂ ಕೈ ನಿಲ್ಲಿಸಲಿಲ್ಲ. ಕೈಯ ಲಯ ಬಾವಿ ರಾಟೆಯ ಹಾಗೆ. ಈ ತಿರುಗಾಟವೇ ನಾನು ಮೇಲೆ ಹೇಳಿದ ಜಗಳವನ್ನು ಬಿಡಿಸುವುದು. ಚರ್ಮದ ಯಾವ ಜಾಗವೂ ಕೆಂಡದ ಮುಂದೆ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಬಿಸಿ ತಗೊಂಡ ಜಾಗ ಮೇಲೆ ಬಂದು ಒಂದಿಷ್ಟು ಆರುತ್ತದೆ. ಆ ಹೊತ್ತಿನಲ್ಲಿ ಬಿಸಿ ಮೆಲ್ಲಗೆ ಒಳಗೆ ಇಳಿಯುತ್ತದೆ. ಚರ್ಮ ಏರುತ್ತ ಇಳಿಯುತ್ತ ಒಣಗಿದರೆ, ಒಳಗಿನ ಮಾಂಸ ಒಂದೇ ಸಮನೆ ನಿಧಾನವಾಗಿ ಬೇಯುತ್ತದೆ. ಕರಗಿದ ನೆಣವೂ ಒಂದೇ ಕಡೆ ಸುರಿದುಹೋಗದೆ ಮೈತುಂಬ ಹರಿದಾಡುತ್ತದೆ.

ದಪ್ಪದ ಲೆಕ್ಕ ಇನ್ನೊಂದು. ಮಾಂಸ ಎರಡು ಪಟ್ಟು ದಪ್ಪವಾದರೆ ಬಿಸಿ ನಡುವಿಗೆ ಮುಟ್ಟಲು ಸುಮಾರು ನಾಲ್ಕು ಪಟ್ಟು ಹೊತ್ತು ಬೇಕು. ತೊಡೆ, ಭುಜ ದಪ್ಪ, ಹೊಟ್ಟೆ ತೆಳು. ಎಲ್ಲ ಒಟ್ಟಿಗೆ ಬೇಯಬೇಕಲ್ಲ? ಅದಕ್ಕೆ ಕೆಂಡವನ್ನು ತೊಡೆ ಮತ್ತು ಭುಜದ ಎದುರಿಗೆ ಗುಡ್ಡೆ ಹಾಕಿ, ಹೊಟ್ಟೆಯ ಎದುರು ತೆಳ್ಳಗೆ ಎಳೆದಿದ್ದರು. 20 ಕಿಲೋ ಆಸುಪಾಸಿನ ಹಂದಿಗೆ ಮೂರರಿಂದ ನಾಲ್ಕು ಗಂಟೆ.

ಚರ್ಮದೊಳಗೆ ಆಗುವುದು ನಿಜಕ್ಕೂ ಚಂದ. ಹಸಿ ಚರ್ಮ ಟೈರಿನ ಹಾಗೆ ಗಟ್ಟಿ, ಹಲ್ಲಿಗೆ ಬಗ್ಗದು. ಕೊಲಾಜೆನ್ ಎಂಬ ಪ್ರೋಟೀನಿನ ಮೂರು ಎಳೆಗಳು ಹಗ್ಗದಂತೆ ಹೊಸೆದುಕೊಂಡಿರುತ್ತವೆ. 60–65 ಡಿಗ್ರಿ ದಾಟಿದ ಮೇಲೆ ಆ ಹೊಸೆತ ಬಿಚ್ಚತೊಡಗುತ್ತದೆ. ನೀರು ಮತ್ತು ಬಿಸಿ ಸಾಕಷ್ಟು ಹೊತ್ತು ಸಿಕ್ಕರೆ ಜೆಲಟಿನ್ ಆಗುತ್ತದೆ. ಕಾಲು ಸೂಪು ಕುಡಿದಾಗ ತುಟಿ ಅಂಟಂಟು ಆಗುವುದು ಇದೇ ಜೆಲಟಿನ್‌ನಿಂದ. ಅಂದರೆ ಚರ್ಮ ಗರಿಗರಿ ಆಗುವ ಮೊದಲು ಮೆತ್ತಗಾಗಬೇಕು. ಆರಂಭದಲ್ಲೇ ಜೋರು ಬೆಂಕಿ ಕೊಟ್ಟರೆ ನೀರು ಹೋಗಿ ಕೊಲಾಜೆನ್ ಹಾಗೇ ಉಳಿಯುತ್ತದೆ, ಚರ್ಮ ಚಕ್ಕಳವಾಗುತ್ತದೆ. ಮೊದಲ ಗಂಟೆಗಳಲ್ಲಿ ತಾಳ್ಮೆ ಬೇಕು. ಕೊನೆಯ ಅರ್ಧ ಗಂಟೆಯಲ್ಲಿ ಕೆಂಡ ಹತ್ತಿರ ಎಳೆಯುತ್ತಾರೆ. ಆಗ ಉಳಿದ ನೀರು ಆವಿಯಾಗಿ ಸಣ್ಣ ಸಣ್ಣ ಗುಳ್ಳೆ ಮಾಡಿಕೊಂಡು ಹೊರಡುತ್ತದೆ. ಎಣ್ಣೆಗೆ ಬಿದ್ದ ಹಪ್ಪಳ ಉಬ್ಬುವುದೂ ಹೀಗೆಯೇ.

ನಡುನಡುವೆ ಬಟ್ಟೆಯಲ್ಲಿ ಎಳನೀರು ಅದ್ದಿ ಮೈಗೆ ಸವರುತ್ತಿದ್ದರು. ಕೆಲವರು ಹಾಲು ಸವರುತ್ತಾರೆ. ಸವರಿದ ನೀರು ಆರುವಾಗ ಚರ್ಮ ತಣಿಯುತ್ತದೆ, ಬಿರುಕು ಬಿಡುವುದಿಲ್ಲ. ಉಳಿಯುವ ಸಕ್ಕರೆ ಅಂಶ ಬಣ್ಣ ತರುತ್ತದೆ. ಸಕ್ಕರೆ ಮತ್ತು ಅಮೈನೋ ಆಮ್ಲ ಬಿಸಿಗೆ ಕೂಡಿದಾಗ ಕಂದು ಬಣ್ಣ, ನೂರಾರು ಬಗೆಯ ಪರಿಮಳ ಹುಟ್ಟುತ್ತವೆ. 1912ರಲ್ಲಿ ಇದನ್ನು ವಿವರಿಸಿದ ಫ್ರಾನ್ಸ್‌ನ ಲೂಯಿ ಕಮಿಲ್ ಮಯಾರ್ ಹೆಸರಿನಲ್ಲೇ ಇದನ್ನು ಕರೆಯುತ್ತಾರೆ. ಕಾವಲಿಯ ಮೇಲೆ ದೋಸೆ ಕೆಂಪಗಾಗುವುದೂ ಅದೇ ಮಯಾರ್ ಕ್ರಿಯೆ. ಚರ್ಮದಲ್ಲಿ ನೀರಿರುವವರೆಗೂ ಅದರ ಬಿಸಿ 100 ಡಿಗ್ರಿ ಹತ್ತಿರವೇ ನಿಲ್ಲುತ್ತದೆ, ಬಣ್ಣ ಜೋರಾಗಿ ಬರುವುದು ಅದಕ್ಕಿಂತ ಮೇಲೆ. ಹಾಗಾಗಿ ಕೆಂಪು ಕಂಡಿತು ಅಂದರೆ ಚರ್ಮ ಒಣಗಿದೆ ಅಂತ ಅರ್ಥ. ಸುಡುವವರು ಬಣ್ಣ ನೋಡಿ ಹದ ಹೇಳುವುದು ಸುಮ್ನೆ ಅಲ್ಲ.

ನೀರು ಹೀಗೆ ಹೋದ ಮೇಲೆ ಜೆಲಟಿನ್ ಎಳೆಗಳು ಅಲುಗಾಡದೆ ಗಟ್ಟಿಯಾಗಿ ನಿಲ್ಲುತ್ತವೆ. ಆಹಾರ ವಿಜ್ಞಾನದಲ್ಲಿ ಇದನ್ನು ಗಾಜಿನ ಸ್ಥಿತಿ ಅನ್ನುತ್ತಾರೆ. ಬಗ್ಗುವುದಿಲ್ಲ, ಒಡೆಯುತ್ತದೆ. ಆದರೆ ಆ ಗಾಜಿಗೆ ಆಯಸ್ಸು ಕಮ್ಮಿ. ಕೆಳಗಿನ ಮಾಂಸದಿಂದ ಹಬೆ ಏರುತ್ತಲೇ ಇರುತ್ತದೆ, ಸೆಬುವಿನ ಗಾಳಿಯಲ್ಲೂ ತೇವ ಜಾಸ್ತಿ. ಒಂದೆರಡು ಗಂಟೆಯಲ್ಲಿ ನೀರು ಮತ್ತೆ ಒಳಸೇರಿ ಎಳೆಗಳು ಸಡಿಲವಾಗುತ್ತವೆ. ಪಾರ್ಸೆಲ್ ತಂದ ಮಸಾಲೆ ದೋಸೆಗೆ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು. ಅಜ್ಜಿ ಮಾತು ಆಮೇಲೆ ಅಂದದ್ದು ಇದಕ್ಕೇ. 20 ಕಿಲೋ ತೂಗುವ, ಎರಡು ಗಂಟೆಯೊಳಗೆ ತಿನ್ನಬೇಕಾದ ಅಡುಗೆ ಒಬ್ಬಿಬ್ಬರದ್ದಲ್ಲ. ಊರು, ನೆಂಟರು ಸೇರಲೇಬೇಕು.

ಮುರಿಯುವ ಸದ್ದಿಗೂ ರುಚಿಯಲ್ಲಿ ಪಾಲಿದೆ. ಆಕ್ಸ್‌ಫರ್ಡ್‌ನ ಚಾರ್ಲ್ಸ್ ಸ್ಪೆನ್ಸ್ ಮತ್ತು ಮಾಸಿಮಿಲಿಯಾನೊ ಜಾಂಪಿನಿ 2004ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಜನರಿಗೆ ಹೆಡ್‌ಫೋನ್ ಹಾಕಿ ಆಲೂಗಡ್ಡೆ ಚಿಪ್ಸ್ ಕಡಿಯಲು ಹೇಳಿದರು. ಕಡಿಯುವ ಸದ್ದನ್ನು ಮೈಕಿನಲ್ಲಿ ಹಿಡಿದು, ಬದಲಾಯಿಸಿ, ಅವರ ಕಿವಿಗೇ ಕೇಳಿಸಿದರು. ಸದ್ದು ಜೋರಾದಾಗ, ಅದರ ತೀಕ್ಷ್ಣ ಸ್ವರ ಏರಿದಾಗ, ಅದೇ ಚಿಪ್ಸ್ ಜಾಸ್ತಿ ಗರಿಗರಿ, ಜಾಸ್ತಿ ತಾಜಾ ಅನ್ನಿಸಿತು. ಸೆಬುವಿನ ಆ ರೆಸ್ಟೋರೆಂಟಿನಲ್ಲಿ ಹಂದಿಯನ್ನು ಅಡುಗೆಮನೆಯಲ್ಲಿ ಕೊಚ್ಚಿ ತರದೆ ಮೇಜಿನ ಮೇಲೆಯೇ ಮುರಿದದ್ದು ನನಗೆ ತುಂಬ ಸರಿ ಅನ್ನಿಸಿತು. ಹದಿನೆಂಟು ಜನರೂ ಆ ಸದ್ದಿಗೆ ಮಾತು ನಿಲ್ಲಿಸಿ ತಿರುಗಿ ನೋಡಿದ್ದರು.

ಮನಿಲಾ ಕಡೆ ಲೆಚೋನ್‌ಗೆ ಈಲಿ, ವಿನೆಗರ್, ಸಕ್ಕರೆ ಹಾಕಿದ ಗಟ್ಟಿ ಸಾಸ್ ಬೇಕೇ ಬೇಕು. ಸೆಬುವಿನವರು ಹೊಟ್ಟೆಯ ಮಸಾಲೆಯೇ ಸಾಕು ಅನ್ನುತ್ತಾರೆ. ಬೇಕಾದರೆ ಮೆಣಸಿನಕಾಯಿ ಜಜ್ಜಿದ ವಿನೆಗರ್. ನನ್ನ ನಾಲಿಗೆ ಸೆಬುವಿನ ಪಕ್ಷ. ಎರಡರಲ್ಲೂ ಹುಳಿ ಇದೆ ಅನ್ನುವುದು ಗಮನಿಸಬೇಕಾದ ಮಾತು. ನೆಣ ಬಾಯಿಯೊಳಗೆ ಜಾರುವ ಪದರ ಕಟ್ಟುತ್ತದೆ. ಹುಳಿ ಜೊಲ್ಲು ಬರಿಸಿ ಅದನ್ನು ತೊಳೆದು, ಮುಂದಿನ ತುತ್ತಿಗೆ ಬಾಯಿ ಸಜ್ಜು ಮಾಡುತ್ತದೆ. ಕೊಡಗಿನಲ್ಲಿ ಪಂದಿ ಕರಿಗೆ ಕಾಚಂಪುಳಿ ಹಾಕುವ ಕೈಗಳೂ ಇದೇ ದಾರಿ ಕಂಡುಕೊಂಡಿವೆ. ಪಕ್ಕದಲ್ಲಿ ಹಸಿ ಪಪ್ಪಾಯಿ ತುರಿದು ಹಾಕಿದ ಉಪ್ಪಿನಕಾಯಿ ಇತ್ತು. ಹೆಸರು ಕೇಳಿದೆ. ಅಚಾರಾ ಅಂದರು. ಹಿಂದಿಯ ಅಚಾರ್‌ಗೆ ನೆಂಟಸ್ತಿಕೆಯ ಮಾತು. ತೆಂಗಿನ ಗರಿಯ ಪುಟ್ಟ ಬುಟ್ಟಿಯೊಳಗೆ ಬೇಯಿಸಿದ ಅನ್ನ, ಪುಸೋ, ನೋಡಿದಾಗ ನಮ್ಮ ಕರಾವಳಿಯ ಹಲಸಿನೆಲೆಯ ಕೊಟ್ಟಿಗೆ ನೆನಪಾಯಿತು.

ಎಲ್ಲರೂ ಕೈಯಲ್ಲೇ ತಿಂದೆವು. ಹೀಗೆ ಕೈಯಿಂದ ಉಣ್ಣುವುದಕ್ಕೆ ಅಲ್ಲಿ ಕಮಾಯಾನ್ ಅನ್ನುತ್ತಾರೆ. ಜನ ಜೊತೆಗಿದ್ದಾಗ ಊಟ ಜಾಸ್ತಿ ಸೇರುತ್ತದೆ ಅನ್ನುವುದಕ್ಕೂ ಲೆಕ್ಕ ಇದೆ. ಅಮೆರಿಕದ ಜಾನ್ ಡಿ ಕ್ಯಾಸ್ಟ್ರೊ ಜನರಿಂದ ಊಟದ ಡೈರಿ ಬರೆಸಿ, 1989ರಲ್ಲಿ ಫಲಿತಾಂಶ ಪ್ರಕಟಿಸಿದರು. ಇತರರ ಜೊತೆ ಮಾಡಿದ ಊಟ ಒಬ್ಬರೇ ಮಾಡಿದ ಊಟಕ್ಕಿಂತ ಸರಾಸರಿ 44 ಶೇಕಡಾ ದೊಡ್ಡದಿತ್ತು. ಹೊತ್ತು ಜಾಸ್ತಿ ಕೂರುತ್ತೇವೆ, ಮಾತಾಡುತ್ತೇವೆ, ಕೈ ತಟ್ಟೆಗೆ ಹೋಗುತ್ತಲೇ ಇರುತ್ತದೆ.

ಆದರೂ ಉಳಿಯಿತು. ತಲೆ, ಪಾದ, ಮೂಳೆ, ಮೆತ್ತಗಾದ ಚರ್ಮ. ಬೇಯಿಸಿದ ಮಾಂಸವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು, ಸೆಖೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಅಜ್ಜಿ ಗಡಿಯಾರ ನೋಡಲಿಲ್ಲ, ಆದರೆ ಮಕ್ಕಳು ಹಾಡಲು ಎದ್ದ ಕೂಡಲೇ ಡಬ್ಬಿ ತರಿಸಿ ಎಲ್ಲ ತುಂಬಿಸಿ ಮನೆಯ ಫ್ರಿಜ್ಜಿಗೆ ಕಳಿಸಿಬಿಟ್ಟರು.

ಮರುದಿನ ಮಧ್ಯಾಹ್ನ ಸಹೋದ್ಯೋಗಿ ಆಫೀಸಿಗೆ ಒಂದು ಡಬ್ಬಿ ತಂದರು. ಲೆಚೋನ್ ಪಾಕ್ಸಿವ್. ಉಳಿದದ್ದನ್ನೆಲ್ಲ ವಿನೆಗರ್, ಬೆಳ್ಳುಳ್ಳಿ, ಪಲಾವ್ ಎಲೆ ಹಾಕಿ ಕುದಿಸಿದ್ದು. ಪಾದದ ಜೆಲಟಿನ್ ಬಿಟ್ಟುಕೊಂಡು ರಸ ತಾನಾಗಿ ದಪ್ಪವಾಗಿತ್ತು. ಹಿಂದಿನ ರಾತ್ರಿ ಗಾಜಿನಂತೆ ಒಡೆದಿದ್ದ ಚರ್ಮ ಚಮಚದಲ್ಲಿ ನಡುಗುತ್ತಿತ್ತು. ಬಿಸಿ ಅನ್ನಕ್ಕೆ ಹಾಕಿ ಕಲಸಿಕೊಂಡೆ.