ಪದ ಪರಿಚಯ: ಆಫ್ಟರ್‌ಮಾರ್ಕೆಟ್ ಮಫ್ಲರ್

ಕಾರು ಕಂಪನಿಯದ್ದಲ್ಲದ, ಬೇರೆಯವರು ತಯಾರಿಸಿ ಮಾರುವ ಬಿಡಿಭಾಗವೇ ಆಫ್ಟರ್‌ಮಾರ್ಕೆಟ್. ಮಫ್ಲರ್ ಅಂದರೆ ಮೈಸೂರಿನ ಗ್ಯಾರೇಜುಗಳಲ್ಲಿ ಎಲ್ಲರೂ ಹೇಳುವ ಸೈಲೆನ್ಸರ್: ಕಾರಿನ ಹಿಂಭಾಗದಲ್ಲಿ, ರಬ್ಬರ್ ಹ್ಯಾಂಗರ್‌ಗಳಿಗೆ ತೂಗುಬಿದ್ದಿರುವ ಡಬ್ಬಿ. 1995ರಲ್ಲಿ ಪುಣೆಯಲ್ಲಿ ಜೋಡಣೆ ಶುರುವಾದ ಮರ್ಸಿಡಿಸ್ ಡಬ್ಲ್ಯು124ನಂಥ ಹಳೆಯ ಐಷಾರಾಮಿ ಕಾರು ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಇದು ಬೇಕಾಗುತ್ತದೆ.

ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಸಲ ಹೊಗೆಯನ್ನು ಹೊರಕ್ಕೆ ತಳ್ಳುತ್ತದೆ. ಆ ಬಡಿತವೇ ಸದ್ದು. ಅದನ್ನು ಅಡಗಿಸಲು ಮುಖ್ಯವಾಗಿ ಎರಡು ದಾರಿ. ಡಬ್ಬಿಯೊಳಗೆ ತಗಡಿನ ಅಡ್ಡಗೋಡೆ ಹಾಕಿ ಕೋಣೆಗಳನ್ನು ಮಾಡಿದರೆ ಶಬ್ದದ ಅಲೆಗಳು ತಿರುಗಿ ಬಂದು ಒಂದನ್ನೊಂದು ತಗ್ಗಿಸುತ್ತವೆ. ಇದು ಚೇಂಬರ್ ಮಾದರಿ. ಸ್ಟ್ರೇಟ್ ಥ್ರೂ ಮಾದರಿಯಲ್ಲಿ ತೂತು ಕೊರೆದ ನೇರ ಪೈಪು, ಸುತ್ತ ಸದ್ದು ಹೀರಿಕೊಳ್ಳುವ ಗ್ಲಾಸ್ ವೂಲ್, ಅಂದರೆ ಗಾಜಿನ ಎಳೆಗಳ ಹತ್ತಿ. ಅಂಗಡಿಯಲ್ಲಿ ಒಂದು ತುದಿಯಿಂದ ಇಣುಕಿ ನೋಡಿ. ಆ ಕಡೆಯ ಬೆಳಕು ನೆಟ್ಟಗೆ ಕಂಡರೆ ಅದು ಸ್ಟ್ರೇಟ್ ಥ್ರೂ. ಹೊಗೆ ಸರಾಗವಾಗಿ ಹೋಗುತ್ತದೆ ನಿಜ, ಸದ್ದೂ ಹೆಚ್ಚು.

ನನ್ನ ಮಟ್ಟಿಗೆ ಇಂಥ ಕಾರಿಗೆ ಚೇಂಬರ್ ಮಾದರಿಯೇ ಸರಿ. ಮೆತ್ತನೆಯ ಓಟಕ್ಕೆಂದೇ ಕಟ್ಟಿದ ಕಾರು ಅದು. ತಪ್ಪು ಮಫ್ಲರ್ ಬಿದ್ದರೆ ಒಂದೇ ವೇಗದಲ್ಲಿ ಹೋಗುವಾಗ ಒಳಗೆಲ್ಲ ಗುಂಯ್ ಎಂಬ ಮೊರೆತ ತುಂಬಿಕೊಳ್ಳುತ್ತದೆ. ಮೆಕ್ಯಾನಿಕ್‌ಗಳು ಇದಕ್ಕೆ ಡ್ರೋನ್ ಅನ್ನುತ್ತಾರೆ. ನಿಂತಲ್ಲೇ ಆಕ್ಸಿಲರೇಟರ್ ಒತ್ತಿ ಕೇಳಿದರೆ ಇದು ಗೊತ್ತಾಗುವುದಿಲ್ಲ. ಕಿಟಕಿ ಏರಿಸಿಕೊಂಡು ಶ್ರೀರಂಗಪಟ್ಟಣ ದಾಟಿ ಮಂಡ್ಯದವರೆಗೆ ಒಂದೇ ವೇಗದಲ್ಲಿ ಓಡಿಸಿ ನೋಡಬೇಕು.

ಪೈಪಿನ ವ್ಯಾಸ ಮೂಲದಷ್ಟೇ ಇರಲಿ.

ಇನ್ನು ತುಕ್ಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಕುವೆಂಪುನಗರದಿಂದ ದೇವರಾಜ ಮಾರುಕಟ್ಟೆಗೆ ಹೋಗಿ ಬರುವಷ್ಟು ದೂರಕ್ಕೆ ಡಬ್ಬಿ ಪೂರ್ತಿ ಕಾಯುವುದಿಲ್ಲ. ಆವಿ ಒಳಗೇ ತಣಿದು ನೀರಾಗಿ ನಿಲ್ಲುತ್ತದೆ, ತಗಡು ಒಳಗಿನಿಂದ ಕೊರೆದುಹೋಗುತ್ತದೆ. ವಾರಕ್ಕೊಮ್ಮೆ ಹೊರತೆಗೆಯುವ ಹಳೆಯ ಕಾರುಗಳಿಗೆ ಇದೇ ದೊಡ್ಡ ಶತ್ರು. ಅಲ್ಯೂಮಿನಿಯಂ ಲೇಪದ ಉಕ್ಕು ಅಗ್ಗ, ಆದರೆ ವೆಲ್ಡಿಂಗ್ ಮಾಡಿದಲ್ಲಿ ಲೇಪ ಸುಟ್ಟು ತುಕ್ಕು ಶುರುವಾಗುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ಗೆ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ.

ಮಫ್ಲರ್ ಬದಲಿಸುವಾಗ ಕ್ಯಾಟಲಿಟಿಕ್ ಕನ್ವರ್ಟರನ್ನೂ ತೆಗೆದುಬಿಡೋಣ ಎಂದು ಯಾರಾದರೂ ಹೇಳಿದರೆ ಖಂಡಿತ ಒಪ್ಪಬೇಡಿ. ಮಫ್ಲರ್‌ನ ಕೆಲಸ ಸದ್ದಿನದು, ವಿಷಾನಿಲ ತಗ್ಗಿಸುವುದು ಕನ್ವರ್ಟರ್.